ಹದಿನಾಲ್ಕು ಕೊಳವೆಗಳ ಆಯುಧಪೂಜೆ

2025ನೇ ಇಸವಿ ಸೆಪ್ಟೆಂಬರ್ 28, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ, ಜೋಗೇಶ್ವರಿಯ ಒಂದು ಪೆಟ್ರೋಲ್ ಪಂಪಿನ ಮಗ್ಗುಲಲ್ಲಿ ನಿಲ್ಲುವ ಹೊಗೆ ತಪಾಸಣೆಯ ವ್ಯಾನು ವಾರಿಜಕ್ಕನ ಕಾರನ್ನು ನಪಾಸು ಮಾಡಿತು. ಸುಡದೆ ಹೊರಬೀಳುವ ಪೆಟ್ರೋಲಿನ ಅಂಶ, ಅಂದರೆ ಹೈಡ್ರೋಕಾರ್ಬನ್, ಹತ್ತು ಲಕ್ಷ ಭಾಗಕ್ಕೆ 1500ರ ಒಳಗಿರಬೇಕು. ಕಾರು ಬಿಟ್ಟದ್ದು 2310. ವ್ಯಾನಿನವನು ಆ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿದ. ಎರಡನೆಯ ಸಲ ಅವನ ದನಿಯಲ್ಲಿ ಸ್ವಲ್ಪ ಸಂತಾಪವೂ ಇತ್ತು.

ಕಾರು ನೋಂದಣಿಯಾದದ್ದು 1995ರ ಅಕ್ಟೋಬರಿನಲ್ಲಿ. ಅಷ್ಟು ಹಳೆಯ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು, ತೋರಿಸಿ, ಆಯುಸ್ಸು ಹೆಚ್ಚಿಸಿಕೊಂಡು ಬರಬೇಕು. ಈ ಸಲದ ಸರದಿ ಅಕ್ಟೋಬರ್ 6, ಸೋಮವಾರ. ಹೊಗೆಯ ಚೀಟಿ ಇಲ್ಲದಿದ್ದರೆ ಅಲ್ಲಿಗೆ ಹೋಗಿ ಉಪಯೋಗವಿಲ್ಲ. ಕೈಯಲ್ಲಿ ಇದ್ದದ್ದು ಎಂಟು ದಿನ.

ವಾರಿಜಕ್ಕ ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಯವರು, ಉಡುಪಿಯ ಕಡೆಯವರು, ವಯಸ್ಸು ಐವತ್ತೆಂಟು. ಗಂಡ ಕೊರಗಪ್ಪ ಅಂಧೇರಿಯಲ್ಲಿ ಹೋಟೆಲು ನಡೆಸುತ್ತಾರೆ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ವಾರಿಜಕ್ಕ ನೆಲಮಹಡಿಯ ಒಂದು ಗಾಳೆಯಲ್ಲಿ, ಅಂದರೆ ಅಂಗಡಿಕೋಣೆಯಲ್ಲಿ, ಗ್ರೈಂಡರು ಇಟ್ಟುಕೊಂಡು ಇಡ್ಲಿ, ದೋಸೆಯ ಹಿಟ್ಟು ರುಬ್ಬಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಹಿಟ್ಟಿನ ಪಾತ್ರೆಗಳನ್ನು ಕಾರಿನಲ್ಲಿಟ್ಟು, ಅಂಧೇರಿಯಿಂದ ದಾದರ್‌ವರೆಗೆ ನಾಲ್ಕು ಹೋಟೆಲುಗಳಿಗೆ ತಾವೇ ಮುಟ್ಟಿಸಿ, ಏಳೂವರೆಗೆ ಮನೆಗೆ ಬಂದು ಕಾಫಿ ಕುಡಿಯುತ್ತಾರೆ. ಮೊದಲು ಕಾರಿಗೆ ಡ್ರೈವರಿದ್ದ; ತಾವೇ ಸ್ಟಿಯರಿಂಗ್ ಹಿಡಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಆಗ ಬೇಡ ಎಂದವರೆಲ್ಲ ಈಗ ಮಳೆ ಬಂದಾಗ ಸ್ಟೇಷನ್ನಿಗೆ ಬಿಡುತ್ತೀರಾ ಎಂದು ಅವರನ್ನೇ ಕೇಳುತ್ತಾರೆ.

ಕಾರು ನಪಾಸಾದರೆ ಆ ಎರಡೂವರೆ ಗಂಟೆ ಅವರ ಕೈಬಿಟ್ಟು ಹೋಗುತ್ತಿತ್ತು. ಕಾರಣ ಅವರ ಮಗ ತಿಲಕ್. ನಮ್ಮ ಸೊಸೈಟಿಯಲ್ಲಿ ಒಂದು ಫ್ಲ್ಯಾಟಿಗೆ ಒಂದೇ ಪಾರ್ಕಿಂಗ್. ತಿಲಕ್ ಒಂದು ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದ. ಅದು ಅಕ್ಟೋಬರ್ ಹತ್ತಕ್ಕೆ ಬರಲಿತ್ತು. ತಾಯಿ ಮಗನ ನಡುವೆ ಒಪ್ಪಂದವಾಗಿತ್ತು: ಹಳೆಯದು ಪಾಸಾದರೆ ಐದು ವರ್ಷ ಅದರ ಮಾತೆತ್ತಬಾರದು, ನಪಾಸಾದರೆ ಗುಜರಿಗೆ. ಹಿಟ್ಟನ್ನು ಫೋನಿನಲ್ಲಿ ಕರೆಸಿದ ಬೈಕಿನವರು ಒಯ್ಯುತ್ತಾರೆ, ಅಮ್ಮ ಆರಾಮಾಗಿ ಕೂತಿರಲಿ ಎಂದು ತಿಲಕ್ ಹೇಳುತ್ತಿದ್ದ. ಆರಾಮ ಎಂಬ ಮಾತು ಬಂದಾಗಲೆಲ್ಲ ವಾರಿಜಕ್ಕ ಆಸ್ಪತ್ರೆಯ ವಾಸನೆ ಬಂದವರಂತೆ ಮೂಗು ಸಿಂಡರಿಸುತ್ತಿದ್ದರು.

ತಿಲಕ್‌ನ ಕೆಲಸ ಸರಳಗೊಳಿಸುವುದು. ಕಂಪನಿಗಳಿಗೆ ಹೋಗಿ, ನಿಮ್ಮಲ್ಲಿ ಯಾವುದು ಹೆಚ್ಚಾಗಿದೆ ಎಂದು ಹೇಳಿ, ಅದಕ್ಕಾಗಿ ಸಂಬಳ ತೆಗೆದುಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಅಪ್ಪನ ಹೋಟೆಲನ್ನು ಪುಕ್ಕಟೆ ಸರಳಗೊಳಿಸಿದ್ದ. ಬೋರ್ಡಿನಲ್ಲಿದ್ದ ಎಂಬತ್ತನಾಲ್ಕು ತಿಂಡಿಗಳು ಹತ್ತೊಂಬತ್ತಾದವು. ಕೆಂಪು ಚಟ್ನಿಯನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ ಎಂದು ಅಂಕಿಅಂಶದಿಂದ ಸಾಬೀತುಪಡಿಸಿ ಅದನ್ನೂ ತೆಗೆಸಿದ. ಕೇಳುವುದಕ್ಕೆ ಮೊದಲೇ ಅದು ಮೇಜಿಗೆ ಬರುತ್ತಿತ್ತು, ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ ಎಂಬುದು ಅಂಕಿಅಂಶದಲ್ಲಿ ಇರಲಿಲ್ಲ. ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರು. ಅಲ್ಲಿ ಮೂರು ಚಟ್ನಿ. ಈಗ ನಮ್ಮಲ್ಲಿ ಗದ್ದಲ ಕಡಿಮೆಯಾಗಿದೆ ಎಂದು ತಿಲಕ್ ವರದಿಯಲ್ಲಿ ಬರೆದ. ಅದು ನಿಜವೂ ಆಗಿತ್ತು.

ನಾನು ಧಾರವಾಡದವನು. ಔಷಧ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದೆ. ಅಲ್ಲಿ ಪುಡಿಗಳನ್ನು ನಿರ್ವಾತದಲ್ಲಿ ಒಣಗಿಸುತ್ತಿದ್ದರು. ಎಲ್ಲಿ ಗಾಳಿ ಸೋರುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಹಾಗಾಗಿ ವಾರಿಜಕ್ಕ ವ್ಯಾನಿನಿಂದ ನೇರ ನನ್ನ ಬಾಗಿಲಿಗೆ ಬಂದರು. ನನ್ನ ಹತ್ತಿರ ಇನ್ನೂ ಒಂದು ನಿರ್ವಾತ ಮಾಪಕವಿದೆ. ಅದನ್ನು ಇಂಜಿನ್ನಿಗೆ ಸಿಕ್ಕಿಸಿ ನೋಡಿದೆ. ಕಾರು ನಿಂತಲ್ಲೇ ಸಣ್ಣಗೆ ಓಡುವಾಗ ಮುಳ್ಳು ಪಾದರಸದ ಲೆಕ್ಕದಲ್ಲಿ 430 ಮಿಲಿಮೀಟರಿಗಿಂತ ಮೇಲೆ ಅಲುಗಾಡದೆ ನಿಲ್ಲಬೇಕು. ಅದು 310ರ ಸುತ್ತ ನಡುಗುತ್ತಿತ್ತು.

ವಿಷಯ ಸರಳ. ಇಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಅದರ ಬಾಯಿಯಲ್ಲಿ ಹೀರುವ ಬಲವೊಂದು ಹುಟ್ಟುತ್ತದೆ. ಹಳೆಯ ಕಾರುಗಳಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಆ ಬಲವನ್ನೇ ಪೆನ್ಸಿಲ್ ದಪ್ಪದ ರಬ್ಬರ್ ಕೊಳವೆಗಳಲ್ಲಿ ಹಾಯಿಸಿ ಸಣ್ಣಪುಟ್ಟ ಕೆಲಸ ಮಾಡಿಸುತ್ತಾರೆ: ಕಿಡಿಯನ್ನು ಹಿಂದುಮುಂದು ಮಾಡುವುದು, ಟ್ಯಾಂಕಿನ ಆವಿಯನ್ನು ಎಳೆದು ಸುಡುವುದು, ಇಂಥವು. ಮೂವತ್ತು ವರ್ಷದ ರಬ್ಬರು ಬಿರಿಯುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿಯ ಹೋದವನಿಗೆ ಆಗುವುದೇ ಇಂಜಿನ್ನಿಗೂ ಆಗುತ್ತದೆ. ಬೇಡದ ಗಾಳಿ ನುಗ್ಗಿ, ಪೆಟ್ರೋಲು ಅರೆಬರೆ ಸುಟ್ಟು, ಉಳಿದದ್ದು ಹೊಗೆಯ ಜೊತೆ ಹೊರಬೀಳುತ್ತದೆ.

ಎಣಿಸಿದೆ. ಹದಿನಾಲ್ಕು ಕೊಳವೆಗಳು. ಮೂರು, 2011ರಲ್ಲಿ ಹಿಟ್ಟಿನ ಭಾರದ ಮೇಲೆ ಇದನ್ನೂ ಇಂಜಿನ್ ತಾಳದೆಂದು ತೆಗೆಸಿಹಾಕಿದ್ದ ಏಸಿಗೆ ಸೇರಿದವು. ಅವು ಯಾವ ಕೆಲಸವನ್ನೂ ಮಾಡದೆ ಸೋರುತ್ತಿದ್ದವು. ಅವನ್ನು ತೆಗೆದು ಬಾಯಿ ಮುಚ್ಚಿದರೆ ಸಾಕು. ಉಳಿದ ಹನ್ನೊಂದನ್ನು ಒಂದೊಂದಾಗಿ ಬಿಚ್ಚಿ ಅದೇ ಜಾಗಕ್ಕೆ ಹೊಸದನ್ನು ಹಾಕಬೇಕು. ಕುರ್ಲಾದ ಮೆಕ್ಯಾನಿಕ್ ಅಮೋಲ್‌ಗೆ ಫೋನು ಮಾಡಿದೆ. ದಸರೆ ಮುಗಿಸಿಕೊಂಡು ಶನಿವಾರ ಬರುತ್ತೇನೆ, ಅಷ್ಟರಲ್ಲಿ ಯಾರೂ ಏನನ್ನೂ ಬಿಚ್ಚಬೇಡಿ ಎಂದ. ಸೋಮವಾರ ಕುರ್ಲಾಕ್ಕೆ ಹೋಗಿ ಅವನು ಹೇಳಿದ ಅಂಗಡಿಯಿಂದ ಐದು ಮೀಟರು ರಬ್ಬರ್ ಕೊಳವೆ ತಂದು ಮನೆಯಲ್ಲಿಟ್ಟೆ.

ಅದಕ್ಕೂ ಮುಂಚೆ, ಭಾನುವಾರವೇ, ನಾನು ಒಂದು ವ್ಯವಸ್ಥಿತ ಕೆಲಸ ಮಾಡಿದ್ದೆ. ಕಪ್ಪು ಕೊಳವೆಗಳ ಮೇಲೆ ಬಣ್ಣದ ಬೊಟ್ಟಿಟ್ಟೆ. ತೆಗೆಯಬೇಕಾದ ಮೂರಕ್ಕೆ ಹಳದಿ, ಬದಲಿಸಬೇಕಾದ ಹನ್ನೊಂದಕ್ಕೆ ಕೆಂಪು. ಅಮೋಲ್‌ಗೆ ತಿಳಿಯಲೆಂದು ಒಂದು ಕಾಗದದಲ್ಲಿ 'ಹಳದಿ: ತೆಗೆಯುವುದು. ಕೆಂಪು: ಬದಲಿಸುವುದು' ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ಮುಂದಿನ ಗಾಜಿನ ಒಳಗಡೆ, ಬರಹ ಹೊರಗೆ ಕಾಣುವಂತೆ, ಅಂಟಿಸಿದೆ. ತಿಲಕ್ ಕಾಫಿ ಕಪ್ಪು ಹಿಡಿದು ನಿಂತು ನೋಡಿದ. ಕಲರ್ ಕೋಡಿಂಗ್ ಮಾಡಿದ್ದೀರಲ್ಲ ಅಂಕಲ್, ನಿಮ್ಮ ಕಾಲದವರಲ್ಲಿ ಇದು ಅಪರೂಪ ಎಂದು ಹೊಗಳಿದ. ನನಗೆ ಹಿತವಾಯಿತು. ಬಾನೆಟ್ ಮುಚ್ಚುವಾಗ ಅದರ ಒಳಮೈಯಲ್ಲಿ ಅಂಗೈಯಗಲ ಕೆಂಪನೆಯ ಒಂದು ಹೆಪ್ಪು ಕಂಡಿತ್ತು. ಏನೋ ದೇವರ ವಿಷಯವೆಂದು ಸುಮ್ಮನಾದೆ. ಬೇರೆಯವರ ದೇವರನ್ನು ಕೆರೆದು ನೋಡುವುದು ನನ್ನ ಅಭ್ಯಾಸವಲ್ಲ.

ಬುಧವಾರ ಆಯುಧಪೂಜೆ.

ವಾರಿಜಕ್ಕನ ಮನೆಯ ಪೂಜೆಯಲ್ಲಿ ಅರ್ಧಂಬರ್ಧ ಎಂಬುದಿಲ್ಲ. ಗ್ರೈಂಡರಿಗೆ, ಅದರ ಸ್ವಿಚ್ಚಿಗೆ, ತಕ್ಕಡಿಗೆ, ಹೋಟೆಲಿನ ಕ್ಯಾಶ್ ಕೌಂಟರಿಗೆ, ಮನೆಯ ಮಿಕ್ಸಿಗೆ, ಎಲ್ಲಕ್ಕೂ ಮೊದಲು ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಕಾರಿನ ಸರದಿ ಬಂದಾಗ ಬಾನೆಟ್ ಎತ್ತಿದರು. ಪ್ರತಿವರ್ಷ ಇಂಜಿನ್ನಿಗೆ ಒಂದೇ ಬೊಟ್ಟು ಇಡುತ್ತಿದ್ದರಂತೆ. ಈ ಸಲ ನೋಡಿದರೆ ಪ್ರತಿಯೊಂದು ಕೊಳವೆಗೂ ಯಾರೋ ಆಗಲೇ ಬೊಟ್ಟಿಟ್ಟಿದ್ದಾರೆ. ಆದರೆ ಕೆಲವಕ್ಕೆ ಕೆಂಪು ಮಾತ್ರ, ಕೆಲವಕ್ಕೆ ಹಳದಿ ಮಾತ್ರ. ಗಾಜಿನ ಕಾಗದ ಮೆಕ್ಯಾನಿಕ್ಕಿಗೆಂದು ಅವರು ಅದನ್ನು ಓದಿರಲಿಲ್ಲ. ಧಾರವಾಡದವರ ಪದ್ಧತಿ ಬೇರೆ ಇರಬೇಕು, ಒಳ್ಳೆಯ ಮನಸ್ಸಿನಿಂದ ಮಾಡಿದ್ದಾರೆ, ಅಪೂರ್ಣ ಬಿಡುವುದು ಬೇಡ ಎಂದುಕೊಂಡು, ಬೆರಳಿನಿಂದ ತಡವಿ ಹದಿನಾಲ್ಕಕ್ಕೂ ಹದಿನಾಲ್ಕು ಅರಿಶಿನ, ಹದಿನಾಲ್ಕು ಕುಂಕುಮ ಇಟ್ಟು ಮುಗಿಸಿದರು. ನನಗೂ ಪ್ರಸಾದದ ಅವಲಕ್ಕಿ ಕಳಿಸಿದರು. ತಿಂದೆ. ಕಾರಿನ ಹತ್ತಿರ ಹೋಗಿ ನೋಡಲಿಲ್ಲ.

ಮರುದಿನ ಗುರುವಾರ, ರಜೆ. ಹಿಟ್ಟು ಮುಟ್ಟಿಸಿ ಬಂದು ವಾರಿಜಕ್ಕ ಮೇಲೆ ಹೋದರು. ಒಂಬತ್ತಕ್ಕೆ ತಿಲಕ್ ಕೆಳಗಿಳಿದ. ಅಮ್ಮನಿಗೆ ಸಹಾಯ ಮಾಡುವ ಉದ್ದೇಶ ಅವನಿಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ನಂಬುವುದಕ್ಕೆ ಸ್ವಲ್ಪ ಶ್ರಮವಾಗುತ್ತದೆ, ಅಷ್ಟೇ. ಗಾಜಿನ ಮೇಲಿನ ಕಾಗದ ಓದಿದ. ಬಾನೆಟ್ ಎತ್ತಿದ. ಹದಿನಾಲ್ಕರಲ್ಲೂ ಹಳದಿ ಇತ್ತು, ಹದಿನಾಲ್ಕರಲ್ಲೂ ಕೆಂಪಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲ್ಲೇನೋ ಗೊಂದಲವಿದೆ ಎನ್ನುತ್ತಿದ್ದರು. ತಿಲಕ್ ಓದಿದವನು. ತೆಗೆಯದೆ ಬದಲಿಸಲಾಗುವುದಿಲ್ಲ, ಆದ್ದರಿಂದ ಹಳದಿ ಮೊದಲ ಹಂತ, ಕೆಂಪು ಎರಡನೆಯ ಹಂತ ಎಂದು ತೀರ್ಮಾನಿಸಿದ. ಮೊದಲ ಹಂತವನ್ನು ಮುಗಿಸಿ, ಎರಡನೆಯದಕ್ಕೆ ಮುಂಚೆ ಫೋನಿನಲ್ಲಿ ಒಂದು ವೀಡಿಯೊ ನೋಡಿದ. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ, ಈ ಕೊಳವೆಗಳೆಲ್ಲ ಸರಕಾರಕ್ಕೆ ಹೆದರಿ ಹಾಕಿದವು, ಇಂಜಿನ್ನಿಗೆ ಬೇಕಾದವಲ್ಲ ಎನ್ನುತ್ತಿದ್ದ. ಎರಡನೆಯ ಹಂತ ಅಲ್ಲಿಗೆ ರದ್ದಾಯಿತು. ಕೊಳವೆಗಳು ಬಿಗಿಯಾಗಿ ಕೂತಿದ್ದುದರಿಂದ ಅವನು ಅವನ್ನು ಎಳೆದಿರಲಿಲ್ಲ, ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದ್ದ. ಖಾಲಿ ಬಾಯಿಗಳಲ್ಲಿ ಐದಕ್ಕೆ ಬಾಲ್‌ಪೆನ್ನಿನ ಮುಚ್ಚಳ ಸಿಕ್ಕಿಸಿದ. ಪೆನ್ನುಗಳು ಮುಗಿದವು, ಉಳಿದವನ್ನು ಹಾಗೇ ಬಿಟ್ಟ. ತುಂಡುಗಳನ್ನು ಒಣಕಸದ ಡಬ್ಬಿಗೆ ಹಾಕಿದ. ಆ ಡಬ್ಬಿಯ ಲಾರಿ ಹನ್ನೊಂದಕ್ಕೆ ಬಂದು ಹೋಗುತ್ತದೆ.

ಹನ್ನೆರಡಕ್ಕೆ ಅವನು ಕಾರು ಸ್ಟಾರ್ಟ್ ಮಾಡಿದಾಗ ನಾಲ್ಕು ಮನೆಯ ಹೆಂಗಸರು ತಮ್ಮ ಕುಕ್ಕರಿನ ಗ್ಯಾಸು ಸಣ್ಣ ಮಾಡಿದರು. ಸಿಳ್ಳೆ ಅಂಥದ್ದು. ನಾನು ಕೆಳಗಿಳಿಯುವಷ್ಟರಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಗಿತ್ತು. ವಾರಿಜಕ್ಕ ಬಾನೆಟ್ಟಿನೊಳಗೆ ನೋಡುತ್ತಿದ್ದರು. ಕೈಯಲ್ಲಿ ಸೌಟಿತ್ತು. ಹದಿನಾಲ್ಕು ಕೊಳವೆಗಳಿದ್ದ ಜಾಗದಲ್ಲಿ ಐದು ನೀಲಿ ಮುಚ್ಚಳಗಳು ಎದ್ದುಕಾಣುತ್ತಿದ್ದವು.

ತಿಲಕ್ ಕಾಗದ ತೋರಿಸಿದ. ಅಂಕಲ್ ಬರೆದದ್ದನ್ನೇ ಫಾಲೋ ಮಾಡಿದ್ದು, ಯೆಲ್ಲೋ ಅಂದರೆ ರಿಮೂವ್ ಎಂದ.

ಮನೆಯಲ್ಲಿ ಅವರು ತುಳು ಮಾತಾಡುತ್ತಾರೆ. ವಾರಿಜಕ್ಕ ಈ ಮಾತನ್ನು ಕನ್ನಡದಲ್ಲಿ ಆಡಿದ್ದು ನನಗೂ ಕೇಳಲಿ ಎಂದೇ ಇರಬೇಕು.

"ಹಳದಿ ಇದ್ದದ್ದೆಲ್ಲ ತೆಗೆದದ್ದಾ ಮಗಾ? ನಿನ್ನೆ ನಾನು ಗ್ರೈಂಡರಿಗೆ ಇಟ್ಟಿದ್ದೇನೆ, ನಿನ್ನ ಅಪ್ಪನ ಗಲ್ಲಾಪೆಟ್ಟಿಗೆಗೆ ಇಟ್ಟಿದ್ದೇನೆ, ನಿನ್ನ ಲ್ಯಾಪ್‌ಟಾಪಿಗೂ ಇಟ್ಟಿದ್ದೇನೆ. ಅದನ್ನೆಂತಕ್ಕೆ ಬಿಟ್ಟದ್ದು?"

"ಅಮ್ಮ, ವೋ ಅಲಗ್ ಹೈ. ಅದು ಬೇರೆ, ಪೂಜಾದ್ದು."

"ಇದು ಎಂತದ್ದು ಹಾಗಾದ್ರೆ? ಹೋಳಿದಾ?"

ತಿಲಕ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಅಣ್ಣಾ, ಯಾವುದು ಎಲ್ಲಿದು ಅಂತ ನೀವು ಬರ್ಕೊಂಡಿದ್ದೀರಲ್ಲ?"

ನಾನು ಬರೆದುಕೊಂಡಿದ್ದೆ. ಮೇಲೆ ಹೋಗಿ ವಹಿ ತೆಗೆದು ನೋಡಿದೆ. 'ಹಳದಿ 3, ಕೆಂಪು 11, ಒಟ್ಟು 14' ಎಂದಿತ್ತು. ಪ್ರತಿಯೊಂದರ ಉದ್ದ ಮಿಲಿಮೀಟರಿನಲ್ಲಿತ್ತು. ಒಳವ್ಯಾಸವಿತ್ತು. ರಬ್ಬರಿನ ಬಿರುಕುಗಳ ಎಣಿಕೆಯೂ ಇತ್ತು. ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಎಂಬುದೊಂದು ಇರಲಿಲ್ಲ, ಏಕೆಂದರೆ ಅದು ಇಂಜಿನ್ನಿನ ಮೇಲೇ ಕಾಣುತ್ತಿತ್ತು. ಫೋನಿನಲ್ಲಿ ಹನ್ನೊಂದು ಚಿತ್ರ ತೆಗೆದಿದ್ದೆ. ಎಲ್ಲದರಲ್ಲೂ ಕಂಡದ್ದು ಒಂದು ಬಟ್ಟಲು ಕಪ್ಪು ಶಾವಿಗೆ. ತುದಿಗಳೆಲ್ಲ ಏರ್ ಕ್ಲೀನರಿನ ಕೆಳಗೆ ಹೋಗಿ ಮರೆಯಾಗಿದ್ದವು.

ನನ್ನ ಹೆಂಡತಿ ರುದ್ರವ್ವ ಕಥೆಯನ್ನೆಲ್ಲ ಕೇಳಿಸಿಕೊಂಡು, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ ಒಂದೇ ಪ್ರಶ್ನೆ ಹಾಕಿದಳು. "ನವರಾತ್ರ್ಯಾಗ ಹಚ್ಚಾಕ ನಿಮಗ ಅರಿಶಿಣ ಕುಂಕುಮದ ಬಣ್ಣಾನ ಸಿಕ್ವೇನ್ರಿ? ಹಸರು ಇರಲಿಲ್ಲ, ಬಿಳೀದ್ ಇರಲಿಲ್ಲ?" ಎರಡೂ ಇದ್ದವು. ಇಪ್ಪತ್ತಾರು ವರ್ಷದ ಗುಣಮಟ್ಟ ವಿಭಾಗದಲ್ಲಿ ನನಗೆ ಇಷ್ಟು ನೇರವಾದ ಆಕ್ಷೇಪ ಯಾವ ತಪಾಸಕನಿಂದಲೂ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ವಾರಿಜಕ್ಕ ಹಿಟ್ಟಿನ ಪಾತ್ರೆಗಳನ್ನು ಎರಡು ರಿಕ್ಷಾಗಳಲ್ಲಿ ಹೇರಿಸಿದರು. ರಿಕ್ಷಾ ಬಾಂದ್ರಾ ದಾಟುವಂತಿಲ್ಲವಾದ್ದರಿಂದ ಅಲ್ಲಿಳಿದು, ದಾದರಿನ ಪಾತ್ರೆಗಳನ್ನು ಟ್ಯಾಕ್ಸಿಗೆ ಏರಿಸಿ ಹೋದರು. ಮರಳಿದಾಗ ಒಂಬತ್ತೂಕಾಲು. ಸೀರೆಯ ನೆರಿಗೆಯ ತುಂಬ ಹಿಟ್ಟು ಒಣಗಿತ್ತು. ಬೈಕಿನವರನ್ನು ಕರೆಸಬಹುದಿತ್ತಲ್ಲ ಎಂದು ತಿಲಕ್ ಮೆಲ್ಲಗೆ ಹೇಳಿದನಂತೆ. ಅವರು ಅವನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಅದೂ ಒಂದು ಸರಳೀಕರಣವೇ.

ಶನಿವಾರ ಹತ್ತಕ್ಕೆ ಅಮೋಲ್ ಬಂದ. ಬಾನೆಟ್ ಎತ್ತಿ ನೀಲಿ ಮುಚ್ಚಳಗಳನ್ನು ಒಂದೊಂದಾಗಿ ಎಣಿಸಿದ. ನಂತರ ಮರಾಠಿಯಲ್ಲಿ, ಇದನ್ನು ಮಾಡಿದವರು ಮೆಕ್ಯಾನಿಕ್ಕಾ ಇಂಜಿನಿಯರ್ರಾ ಎಂದು ವಿಚಾರಿಸಿದ. ಕನ್ಸಲ್ಟೆಂಟ್ ಎಂದೆ. ಹಾಗಾದರೆ ಸರಿ ಎಂದ. ಈ ಮಾದರಿಯ ಕಾರು ಅವನ ಕೈಗೆ ಬಂದು ಹತ್ತು ವರ್ಷವಾಗಿತ್ತು; ಹದಿನಾಲ್ಕರ ದಾರಿ ನೆನಪಿನಿಂದ ಹೇಳಲಾರೆ, ತಪ್ಪಿ ಹಾಕಿದರೆ ಹಾಕದೆ ಇದ್ದದ್ದಕ್ಕಿಂತ ಕೆಟ್ಟದು ಎಂದ. ಆಮೇಲೆ ಅವನೇ ಕೇಳಿದ: ನಕ್ಷೆ ಎಲ್ಲಿ? ಈ ಕಾರುಗಳಲ್ಲಿ ಕಂಪನಿಯವರೇ ಬಾನೆಟ್ಟಿನ ಒಳಮೈಗೆ ಕೊಳವೆಗಳ ನಕ್ಷೆಯ ಒಂದು ಸ್ಟಿಕರು ಅಂಟಿಸಿರುತ್ತಾರೆ. ಹೀಗೆನ್ನುತ್ತ ಅವನು ಬೆರಳಿಟ್ಟದ್ದು ಆ ಕೆಂಪು ಹೆಪ್ಪಿನ ಮೇಲೆ.

ವಾರಿಜಕ್ಕ ಅವನ ಕೈ ತಡೆದರು. ಅದು ಶ್ರೀಚಕ್ರ ಎಂದರು. 1995ರಲ್ಲಿ ಕಾರು ಮನೆಗೆ ಬಂದ ಮೊದಲ ಪೂಜೆಗೆ ಕೊರಗಪ್ಪ ಬಾನೆಟ್ ಎತ್ತಿಸಿದಾಗ ಅಲ್ಲೊಂದು ಚಿತ್ರವಿತ್ತಂತೆ. ನಡುವೆ ಒಂದು ವೃತ್ತ, ಸುತ್ತ ತ್ರಿಕೋನಗಳು, ಒಂದರಿಂದ ಇನ್ನೊಂದಕ್ಕೆ ಗೆರೆಗಳು, ಮೂಲೆ ಮೂಲೆಗೆ ಒಂದೊಂದು ಅಕ್ಷರ. ಶೋರೂಮಿನವರು ಎಷ್ಟು ಒಳ್ಳೆಯವರು, ಶ್ರೀಚಕ್ರ ಬರೆಸಿಯೇ ಕೊಟ್ಟಿದ್ದಾರೆ ಎಂದು ಕೊರಗಪ್ಪ ಕೈಮುಗಿದರು. ಅಂದಿನಿಂದ ಮೂವತ್ತು ಆಯುಧಪೂಜೆ, ಮೂವತ್ತು ಸಲ ಎಣ್ಣೆಯಲ್ಲಿ ಕಲಸಿದ ಕುಂಕುಮ. ಈಗ ಅದು ಸಿಂಧೂರ ಮೆತ್ತಿದ ಹನುಮಂತನ ಕೆನ್ನೆಯ ಹಾಗೆ ಅರ್ಧ ಬೆರಳು ದಪ್ಪವಾಗಿತ್ತು.

ಅಮೋಲ್ ನಗಲಿಲ್ಲ. ಅವನ ಗ್ಯಾರೇಜಿನಲ್ಲೂ ಮೊನ್ನೆಯಷ್ಟೇ ಜ್ಯಾಕಿಗೆ ಹೂ ಏರಿತ್ತು. ತಿಲಕ್ ಮಾತ್ರ ಬಾಯಿ ತೆರೆದ. ತಾಯಿ ಆ ಕಡೆ ನೋಡಿದ್ದರಿಂದ ಮುಚ್ಚಿದ.

ವಾರಿಜಕ್ಕ ಮೇಲೆ ಹೋಗಿ ಬಟ್ಟಲಲ್ಲಿ ತೆಂಗಿನೆಣ್ಣೆ ತಂದರು. ಚಪ್ಪಲಿ ಬಿಚ್ಚಿದರು, ಕೈಮುಗಿದರು. ಬೇರೆ ಯಾರನ್ನೂ ಮುಟ್ಟಗೊಡದೆ ತಾವೇ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ಪದರ ಪದರವಾಗಿ ಒರೆಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಪದರದಡಿ ಬಿಳಿ ಕಾಗದ ಕಂಡಿತು. ಮೂವತ್ತು ವರ್ಷದ ಇಂಜಿನ್ ಕಾವಿಗೆ ಅದು ಎಂದೋ ಸುಟ್ಟು ಉದುರಬೇಕಿತ್ತು. ಎಣ್ಣೆ ಕುಂಕುಮದ ಹೊದಿಕೆಯಡಿ ಒಂದು ಗೆರೆಯೂ ಮಾಸಿರಲಿಲ್ಲ. ನಡುವಿನ ವೃತ್ತ ಕಾರ್ಬ್ಯುರೇಟರು. ತ್ರಿಕೋನಗಳು ಕವಾಟಗಳು. ಅಕ್ಷರಗಳು ಕೊಳವೆಗಳ ಹೆಸರು. ಹದಿನಾಲ್ಕು ಗೆರೆಗಳು.

ವಾರಿಜಕ್ಕ ಅದನ್ನು ದಿಟ್ಟಿಸಿ ನೋಡಿದರು. "ಅಣ್ಣಾ, ನಾವು ಪೂಜೆ ಮಾಡಿದ್ದು ತಪ್ಪು ಜಾಗಕ್ಕೇನೂ ಅಲ್ಲ" ಎಂದರು. ವಿಜ್ಞಾನ ಓದಿದ ನಾನು ವಹಿ ತೆರೆದು ಹದಿನಾಲ್ಕು ಗೆರೆಗಳನ್ನೂ ನಕಲು ಮಾಡಿಕೊಂಡೆ.

ಅಮೋಲ್ ನಕ್ಷೆ ನೋಡಿ ಹೇಳಿದ, ನಾನು ಉದ್ದ ಅಳೆದು ಕತ್ತರಿಸಿ ಕೊಟ್ಟೆ. ವಹಿಯಲ್ಲಿದ್ದ ಮಿಲಿಮೀಟರುಗಳು ಕಡೆಗೂ ಒಂದು ಕೆಲಸಕ್ಕೆ ಬಂದವು. ಹನ್ನೊಂದು ಹೊಸ ಕೊಳವೆಗಳು ಕೂತವು. ಏಸಿಯ ಮೂರು ಬಾಯಿಗಳಿಗೆ ರಬ್ಬರ್ ಟೋಪಿ ಹಾಕಿದೆವು. ಪೆನ್ನಿನ ಮುಚ್ಚಳಗಳನ್ನು ಅಮೋಲ್ ಒರೆಸಿ ತಿಲಕ್‌ನ ಕೈಗಿತ್ತ. ಮಧ್ಯಾಹ್ನ ಮೂರೂವರೆಗೆ ಮಾಪಕದ ಮುಳ್ಳು 465ಕ್ಕೆ ಏರಿ ಅಲ್ಲೇ ನಿಂತಿತು. ಮಾಪಕ ನಮ್ಮದು; ಚೀಟಿ ಕೊಡುವವರು ಬೇರೆ. ಮುಳ್ಳು ನಿಂತ ಮೇಲೂ ವಾರಿಜಕ್ಕ ನಗಲಿಲ್ಲ.

ಅಕ್ಟೋಬರ್ 5, ಭಾನುವಾರ, ಹತ್ತು ಗಂಟೆ ಇಪ್ಪತ್ತು ನಿಮಿಷ. ಅದೇ ವ್ಯಾನು. ವಾರಿಜಕ್ಕ ಸ್ಟಿಯರಿಂಗಿನ ಹಿಂದೆ, ನಾನು ಪಕ್ಕದಲ್ಲಿ. ತಿಲಕ್ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಯಾವನೋ ಗೆಳೆಯನಿಗೆ ಫೋನಿನಲ್ಲಿ, ಇಡೀ ವ್ಯವಸ್ಥೆಯನ್ನು ಸೊನ್ನೆಗೆ ಇಳಿಸಿದ್ದರಿಂದಲೇ ಮೂಲ ವಿನ್ಯಾಸ ಪತ್ತೆಯಾಯಿತು, ಇದನ್ನು ಆಫೀಸಿನಲ್ಲಿ ಒಂದು ಉದಾಹರಣೆಯಾಗಿ ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಕನ್ನಡಿಯಲ್ಲಿ ವಾರಿಜಕ್ಕನ ಕಣ್ಣು ಎರಡು ಸಲ ಅವನ ಕಡೆ ಹೋಗಿ ಬಂತು.

ಸೈಲೆನ್ಸರಿನೊಳಗೆ ತೂರಿಸುವ ತಪಾಸಣೆಯ ಪೈಪಿನ ಕ್ಲಿಪ್ಪು ಮುರಿದಿತ್ತು. ಯಾರಾದರೂ ಹಿಡಿದುಕೊಳ್ಳಬೇಕು ಎಂದು ವ್ಯಾನಿನವನು ಹೇಳಿದ. ನನ್ನ ಮೊಣಕಾಲು ಬಾಗುವುದಿಲ್ಲ. ತಿಲಕ್ ಬಿಳಿ ಅಂಗಿಯ ತೋಳು ಮಡಚಿ, ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಪೈಪನ್ನು ಎರಡು ಕೈಯಲ್ಲಿ ಹಿಡಿದ. ವಾರಿಜಕ್ಕ ಒಮ್ಮೆ ಆಕ್ಸಿಲರೇಟರ್ ಒತ್ತಿ ಬಿಟ್ಟರು. ಮೂವತ್ತು ವರ್ಷದ ಮಸಿ ಒಂದಿಷ್ಟು ಅಂಗಿಯ ಮೇಲೆ ಬಂತು. ಇಂಜಿನ್ ಸಣ್ಣಗೆ, ಒಂದೇ ಸಮನೆ ಓಡತೊಡಗಿತು. ಅವರು ಕಿಟಕಿಯಿಂದ ತಲೆ ಹೊರಹಾಕಿದರು.

"ಬಿಡ್ಬೇಡ ಮಗಾ. ಇದೊಂದು ಪೈಪಾದ್ರೂ ಗಟ್ಟಿ ಹಿಡ್ಕೋ."

ವ್ಯಾನಿನೊಳಗೆ ಪ್ರಿಂಟರು ಕರಕರ ಎಂದಿತು. ಚೀಟಿಯನ್ನು ನಾನೇ ಇಸಿದುಕೊಂಡೆ, ಅವರಿಗೆ ಕೇಳುವಂತೆ ಓದಿದೆ. ಹೈಡ್ರೋಕಾರ್ಬನ್, ಮಿತಿ 1500. ಅಳತೆಯಲ್ಲಿ ಬಂದದ್ದು 386.